ಗಾಳಿಯಿಲ್ಲದ ಅಂಗಡಿ

ಆ ಪೇಟೆಯಲ್ಲಿ ಮಂಜಿಗೆ ಕಾಲವಿಲ್ಲ. ಅದು ಬರುವುದಿಲ್ಲ, ಹೋಗುವುದಿಲ್ಲ, ಇರುತ್ತದೆ. ಹೆಚ್ಚುವುದಿಲ್ಲ, ಕರಗುವುದಿಲ್ಲ. ಒಂದು ಅಂಗಡಿಯ ಮುಂದಿನಿಂದ ಅಟ್ಟಿದರೆ ಇನ್ನೊಂದು ಅಂಗಡಿಯ ಮುಂದೆ ಹೋಗಿ ಕೂರುತ್ತದೆ. ಅಲ್ಲಿಂದ ಅಟ್ಟಿದರೆ ಮತ್ತೊಂದರ ಮುಂದೆ. ಬೇಡದ ನೆಂಟನ ಹಾಗೆ ಬಾಗಿಲಿಂದ ಬಾಗಿಲಿಗೆ ಸಾಗುತ್ತದೆ, ಊರು ಮಾತ್ರ ಬಿಡುವುದಿಲ್ಲ.

ಕೊಳ್ಳುವವರು ಸೇತುವೆಯ ಆಚೆಯಿಂದ ಬರುತ್ತಾರೆ. ಅವರ ಕಣ್ಣಿಗೆ ಬಿದ್ದದ್ದು ಅಂಗಡಿ, ಬೀಳದ್ದು ಬರೀ ಮಂಜು. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಒಬ್ಬ ಗಿರಾಕಿಯೂ ಬರದ ಅಂಗಡಿಯನ್ನು ಮಂಜು ತನ್ನದು ಮಾಡಿಕೊಳ್ಳುತ್ತದೆ. ಮರುದಿನ ಅಲ್ಲಿ ಬಾಗಿಲಿಲ್ಲ, ಮಾರುವವರಿಲ್ಲ. ಅಲ್ಲಿ ಯಾರಿದ್ದರು, ಏನು ಮಾರುತ್ತಿದ್ದರು ಎಂಬ ನೆನಪೂ ಇಲ್ಲ. ಇದು ಆ ಪೇಟೆಯ ನೇಮ.

ಮುಚ್ಚಳದಾಕೆಯ ಅಂಗಡಿ ಬೀದಿಯ ನಟ್ಟನಡುವೆ ಇತ್ತು. ಆಕೆ ಮಾರುತ್ತಿದ್ದುದು ಮುಚ್ಚಳ ಮಾತ್ರ. ಜನ ಪಾತ್ರೆಯನ್ನು ಒಮ್ಮೆ ಕೊಳ್ಳುತ್ತಾರೆ, ಮುಚ್ಚಳವನ್ನು ಮತ್ತೆ ಮತ್ತೆ ಕಳೆದುಕೊಳ್ಳುತ್ತಾರೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಅಂಗಡಿಯ ತುಂಬ ಸಣ್ಣದು, ದೊಡ್ಡದು, ತಗ್ಗಿನದು, ಉಬ್ಬಿನದು, ಎಲ್ಲ ಬಗೆಯ ಮುಚ್ಚಳಗಳು ಗೋಡೆಗೆ ಒರಗಿ ಕಾದಿದ್ದವು.

ಅವಳ ಎಡಕ್ಕೆ ಗಂಟೆಯವನು. ಬಲಕ್ಕೆ ಹಳೆ ಬಟ್ಟೆಯ ಹೊದಿಕೆ ಹೊಲಿದು ಮಾರುವ ಕೌದಿಯಜ್ಜಿ. ಅಜ್ಜಿಯ ಆಚೆ ಒಂದು ಖಾಲಿ ಜಾಗ. ಹಿಂದೆ ಅಲ್ಲಿ ಯಾರೋ ಇದ್ದರು. ಅಜ್ಜಿ ಬೆಳಿಗ್ಗೆ ತನ್ನ ಬಾಗಿಲು ಗುಡಿಸುವಾಗ ಆ ಜಾಗವನ್ನೂ ಗುಡಿಸುತ್ತಿದ್ದಳು.

“ಯಾರಿಗೋಸ್ಕರ ಅಜ್ಜಿ?” ಎಂದು ಮುಚ್ಚಳದಾಕೆ ಕೇಳಿದರೆ, “ಗೊತ್ತಿಲ್ಲ ಕಣಮ್ಮ. ಬಿಟ್ಟರೆ ಪಾಪ ಅನ್ನಿಸುತ್ತೆ,” ಎನ್ನುತ್ತಿದ್ದಳು.

ಮಂಜನ್ನು ಅಟ್ಟಲು ಬೀಸಣಿಗೆ ಬೇಕು. ಬೀಸಣಿಗೆ ಸೇತುವೆಯ ಒಡೆಯನದು. ಒಡೆಯನನ್ನು ಯಾರೂ ನೋಡಿಲ್ಲ, ಬೀಸಣಿಗೆಯನ್ನು ಎಲ್ಲರೂ ನೋಡಿದ್ದಾರೆ. ಚಿಕ್ಕದಿತ್ತು, ನಡುವಿನದಿತ್ತು. ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು. ಬೆಳಿಗ್ಗೆ ಎಲ್ಲರೂ ಬಾಗಿಲಿಗೆ ಬಂದು, ಸೇತುವೆಯ ಕಡೆ ತಲೆಬಾಗಿ, ಬೀಸುತ್ತಿದ್ದರು. ಗಂಟೆಯವನು ಬೀಸಿದರೆ ಮಂಜು ಮುಚ್ಚಳದಾಕೆಯ ಮುಂದೆ. ಮುಚ್ಚಳದಾಕೆ ಬೀಸಿದರೆ ಕೌದಿಯಜ್ಜಿಯ ಮುಂದೆ. ಅಜ್ಜಿ ಬೀಸಿದರೆ ಖಾಲಿ ಜಾಗದಲ್ಲಿ. ಅಲ್ಲಿ ಬೀಸುವವರಿಲ್ಲದ ಕಾರಣ ಮಂಜು ಕೊಂಚ ಹೊತ್ತು ಸುಧಾರಿಸಿಕೊಂಡು ಮತ್ತೆ ಹೊರಡುತ್ತಿತ್ತು.

ಬೀಸಣಿಗೆಗೆ ದುಡ್ಡು ನಡೆಯುತ್ತಿರಲಿಲ್ಲ. ಬೀಸಿ ಕರೆದ ಗಿರಾಕಿಗೆ ಮಾರಿದ ಸರಕಿನಿಂದ ಒಂದು ತುಣುಕು ಮುರಿದು ಕೊಡಬೇಕಿತ್ತು. ಸಂಜೆ ಚೀಲದವನು ಬಾಗಿಲು ಬಾಗಿಲಿಗೆ ಬಂದು ಅದನ್ನು ಒಯ್ಯುತ್ತಿದ್ದ. ಗಂಟೆಯವನು ಗಂಟೆಯ ನಾಲಗೆ ಕೊಡುತ್ತಿದ್ದ. ಕೌದಿಯಜ್ಜಿ ಕೌದಿಯ ಅಂಚು ಕೊಡುತ್ತಿದ್ದಳು. ಮುಚ್ಚಳದಾಕೆ ಮುಚ್ಚಳದ ಹಿಡಿ ಕೊಡುತ್ತಿದ್ದಳು. ಬೀಸದೆಯೇ, ದಾರಿ ಕೇಳಿಕೊಂಡು ತಾವಾಗಿ ಬಂದವರಿಗೆ ಮಾತ್ರ ಇಡೀ ಸರಕು ಸಿಗುತ್ತಿತ್ತು.

“ನಾಲಗೆಯಿಲ್ಲದ ಗಂಟೆ ಕೊಂಡವನು ಏನು ಮಾಡ್ತಾನೋ ತಮ್ಮ?” ಎಂದು ಆಕೆ ಒಮ್ಮೆ ಕೇಳಿದ್ದಳು.

“ಒಳಗೆ ಒಂದು ಕಲ್ಲು ಹಾಕಿ ಅಲ್ಲಾಡಿಸಿ ಸ್ವಾಮಿ ಅಂತೀನಿ. ನಿನ್ನ ಹಿಡಿಯಿಲ್ಲದ ಮುಚ್ಚಳ ಕೊಂಡವರು?”

“ಸೆರಗು ಸುತ್ತಿಕೊಂಡು ಎತ್ತುತ್ತಾರೆ. ಬೆರಳು ಸುಟ್ಟುಕೊಂಡರೆ ನನ್ನ ಬೈಯುತ್ತಾರೆ.”

“ಅಷ್ಟೇ ತಾನೆ? ಬೈಗುಳಕ್ಕೆ ತುಣುಕು ಕೊಡಬೇಕಾಗಿಲ್ಲವಲ್ಲ, ಇಟ್ಟುಕೋ.”

ಹೀಗೆ ನಡೆದಿತ್ತು.

ಒಂದು ಅಮಾವಾಸ್ಯೆಯ ಮರುದಿನ ಡಂಗುರದವನು ಬಂದ. ಬೀದಿಯ ಆ ತುದಿಯಿಂದ ಈ ತುದಿಗೆ ಸಾರಿದ.

“ಕೇಳ್ರಪ್ಪೋ ಕೇಳಿ! ಇವತ್ತಿಂದ ಚಿಕ್ಕ ಬೀಸಣಿಗೆ ಇಲ್ಲ! ನಡು ಬೀಸಣಿಗೆ ಇಲ್ಲ! ನಿಂತು ಬೀಸುವ ಕಾಲ ಮುಗೀತು! ಒಡೆಯರು ಗಾಳಿಚಕ್ರ ದಯಪಾಲಿಸಿದ್ದಾರೆ! ನೀವು ಬೀಸಬೇಕಿಲ್ಲ, ಅದೇ ಬೀಸುತ್ತೆ! ಯಾವಾಗ, ಎಷ್ಟು, ಯಾರ ಕಡೆಗೆ, ಎಲ್ಲ ಅದಕ್ಕೇ ಗೊತ್ತು!”

“ತುಣುಕು ಎಷ್ಟಪ್ಪಾ?” ಗಂಟೆಯವನು ಕೂಗಿದ.

ಡಂಗುರ ನಿಂತಿತು. “ಎರಡು,” ಎಂದು ಡಂಗುರದವನು ಮೆಲ್ಲಗೆ ಹೇಳಿ, ಮೊದಲಿಗಿಂತ ಜೋರಾಗಿ ಬಾರಿಸುತ್ತ ಮುಂದೆ ಹೋದ.

ಹಿಂದೆಯೇ ಚೀಲದವನು ಬಂದು ಹಳೆಯ ಬೀಸಣಿಗೆಗಳನ್ನು ವಾಪಸು ಪಡೆದ. ಮುಚ್ಚಳದಾಕೆ ತನ್ನ ಚಿಕ್ಕ ಬೀಸಣಿಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಳು.

“ಇದೊಂದು ಇರಲಿ ಅಣ್ಣ. ನನಗೆ ಇಷ್ಟೇ ಸಾಕು.”

“ಸಾಕು ಅನ್ನೋದು ನಿನ್ನ ಲೆಕ್ಕ ತಾಯಿ. ಚಿಕ್ಕದು ಈಗ ಇಲ್ಲವೇ ಇಲ್ಲ. ಚಕ್ರ ಇದೆ, ಇಲ್ಲದಿದ್ದರೆ ಏನೂ ಇಲ್ಲ.”

“ಎರಡು ತುಣುಕು ಅಂದರೆ ಏನೇನು?”

“ಹಿಡಿ ಒಂದು. ಸುತ್ತಿನ ಅಂಚು ಒಂದು.”

“ಬೀಸಿದಾಗ ಬಂದವರಿಗೆ ಮಾರಿದ್ದಕ್ಕೆ ತಾನೆ?”

ಚೀಲದವನು ಗಂಟಲು ಸರಿಮಾಡಿಕೊಂಡ. “ಅದೂ ಬದಲಾಗಿದೆ. ಗಾಳಿ ಸೋಕಿದ ಗಿರಾಕಿ ಯಾರೇ ಬರಲಿ, ಆ ಗಾಳಿ ನಿನ್ನ ಚಕ್ರದ್ದೇ ಆಗಿರಲಿ, ಪಕ್ಕದವನದೇ ಆಗಿರಲಿ, ಸೋಕಿತು ಅಂದರೆ ಸೋಕಿತು. ಸೆರಗು ಅಲುಗಿದೆಯಾ, ಕೂದಲು ಕೆದರಿದೆಯಾ, ನಾನೇ ನೋಡ್ತೀನಿ. ಮೂಸಿದರೂ ಗೊತ್ತಾಗುತ್ತೆ.”

ಮುಚ್ಚಳದಾಕೆ ಗೋಡೆಯಿಂದ ಒಂದು ಮುಚ್ಚಳ ತೆಗೆದು ನೋಡಿದಳು. ಹಿಡಿಯಿಲ್ಲದ ಮುಚ್ಚಳ ತಟ್ಟೆಯಾಗುತ್ತದೆ, ತಟ್ಟೆಯನ್ನಾದರೂ ಮಾರಬಹುದು. ಹಿಡಿಯೂ ಅಂಚೂ ಇಲ್ಲದ ಮುಚ್ಚಳ ಪಾತ್ರೆಯ ಮೇಲೆ ನಿಲ್ಲುವುದಿಲ್ಲ, ಒಳಗೆ ಬೀಳುತ್ತದೆ. ಅವಳು ಇದನ್ನು ಎರಡು ಸಲ ಯೋಚಿಸಿದಳು. ಎರಡು ಸಲವೂ ಅದೇ ಉತ್ತರ ಬಂತು.

“ಹಾಗಾದರೆ ನಾನು ಮಾರುವುದು ಏನನ್ನು?”

“ಅದು ನಿನಗೆ ಬಿಟ್ಟದ್ದು.”

“ನನಗೆ ಬೇಡ ಅಣ್ಣ.”

ಚೀಲದವನು ಅವಳನ್ನೇ ನೋಡಿದ. ಅವನು ಕೆಟ್ಟವನಲ್ಲ. ಬರೀ ಚೀಲ ಹಿಡಿದವನು. “ಮಂಜು ಬಂದು ಕೂರುತ್ತೆ ತಾಯಿ. ಅಮಾವಾಸ್ಯೆಗೆ ನಿನ್ನ ಅಂಗಡಿ ಇರಲ್ಲ. ನೀನೂ ಇರಲ್ಲ. ನಾನು ಈ ಬಾಗಿಲ ಮುಂದೆ ಹಾದುಹೋಗ್ತೀನಿ, ಯಾಕೆ ಇಲ್ಲಿ ಒಂದು ಗಳಿಗೆ ನಿಂತೆ ಅಂತ ನನಗೇ ತಿಳಿಯಲ್ಲ.”

ಬೀಸಣಿಗೆಯನ್ನು ಅವಳು ಚೀಲಕ್ಕೆ ಹಾಕಿದಳು. ಧೈರ್ಯ ಎಂದು ಅದನ್ನು ಕರೆಯುವ ಹಾಗಿರಲಿಲ್ಲ. ಬೇರೆ ಏನು ಮಾಡಬೇಕೆಂದು ಅವಳಿಗೆ ತೋಚಿರಲಿಲ್ಲ, ಅಷ್ಟೆ.

ಚಕ್ರಗಳು ಬಂದವು. ಅವಳದೊಂದನ್ನು ಬಿಟ್ಟು ಬಾಗಿಲಿಗೊಂದು ನಿಂತವು. ಒಟ್ಟಿಗೆ ತಿರುಗಿದವು. ಬೀದಿಯ ಒಂದೊಂದು ಅಂಗಡಿಯೂ ತೊಳೆದ ಹಾಗೆ ಬೆಳಗಿತು. ಅಲ್ಲಿಂದ ಹೊರಬಿದ್ದ ಮಂಜು ಬೀದಿಗೆ ಇಳಿಯಿತು. ಬೀದಿಯಲ್ಲೂ ಖಾಲಿ ಜಾಗದಲ್ಲೂ ಗಾಳಿ ಅದನ್ನು ನಿಲ್ಲಗೊಡಲಿಲ್ಲ, ಅಷ್ಟೂ ಬಂದು ಮುಚ್ಚಳದಾಕೆಯ ಅಂಗಡಿಯಲ್ಲಿ ಕೂತಿತು. ಮೊದಲು ಬಾಗಿಲು ಕಾಣದಾಯಿತು. ಆಮೇಲೆ ಗೋಡೆ ಕಾಣದಾಯಿತು. ಆಮೇಲೆ ಅವಳಿಗೆ ಅವಳ ಮೊಣಕಾಲು ಕಾಣದಾಯಿತು.

ಅವಳು ಒಳಗೆ ಕೂತಳು. ಮುಟ್ಟಿ ಮುಟ್ಟಿ ಮುಚ್ಚಳಗಳನ್ನು ಒರೆಸಿದಳು. ಒರೆಸಿ ಗೋಡೆಗೆ ಒರಗಿಸಿದಳು. ಮರುದಿನ ಮತ್ತೆ ಒರೆಸಿದಳು. ಗಿರಾಕಿ ಬರಲಿಲ್ಲ. ಮತ್ತೆ ಒರೆಸಿದಳು. ಗಿರಾಕಿ ಬರಲಿಲ್ಲ.

ಗಂಟೆಯವನು ಆಗಾಗ ತನ್ನ ಬಾಗಿಲಿಂದ ಕೂಗುತ್ತಿದ್ದ. “ಅಕ್ಕಾ, ಇದ್ದೀಯಾ?”

“ಇದ್ದೀನಿ.”

“ನನ್ನ ಅಂಗಡಿ ನೋಡಬೇಕು ನೀನು! ಕನ್ನಡಿ! ಮೂಲೆಯ ಜೇಡ ಕೂಡ ಕಾಣುತ್ತೆ!”

“ವ್ಯಾಪಾರ?”

“ಬರ್ತಾರೆ ಅಕ್ಕ. ಹೊಸಿಲ ತನಕ ಬರ್ತಾರೆ. ಕೈ ಚಾಚುತ್ತಾರೆ. ಆಮೇಲೆ ಹಿಂದೆ ಹಿಂದೆ ಹೋಗಿಬಿಡ್ತಾರೆ. ಸೇತುವೆಯಾಚೆಯವರಿಗೆ ಈಗ ಏನೋ ಅವಸರ ಜಾಸ್ತಿ.”

“ಹಿಂದೆ ಹಿಂದೆಯೇ ಯಾಕೆ ಹೋಗ್ತಾರೆ?”

“ಸರಿಯಾಗಿ ಕಾಣಿಸುತ್ತಿಲ್ಲವೇನೋ. ಚಕ್ರ ಇನ್ನೂ ಜೋರು ಮಾಡಿಸ್ತೀನಿ.”

ಜೋರು ಮಾಡಿಸಿದ. ಅವನದು ಜೋರಾದದ್ದನ್ನು ನೋಡಿ ಎದುರು ಸಾಲಿನವರು ಜೋರು ಮಾಡಿಸಿದರು. ಅವರದನ್ನು ನೋಡಿ ಆ ತುದಿಯವರು. ಗಿರಾಕಿ ಹಿಂದೆ ಸರಿದಷ್ಟೂ ಚಕ್ರ ಜೋರಾಯಿತು. ಚಕ್ರ ಜೋರಾದಷ್ಟೂ ಗಿರಾಕಿ ಹಿಂದೆ ಸರಿದ. ಅಂಗಡಿಗಳು ಬೆಳಗುತ್ತಲೇ ಇದ್ದವು. ಬೀದಿಯ ಸದ್ದು ಎಷ್ಟಾಯಿತೆಂದರೆ ನಾಲಗೆಯಿದ್ದ ಗಂಟೆಗಳೂ ಕೇಳಿಸದಾದವು.

ಚಂದ್ರ ತುಂಬಿದ. ಚಂದ್ರ ಸವೆದ.

ಸವೆಯುತ್ತ ಬಂದ ಹಾಗೆ ಮುಚ್ಚಳದಾಕೆಗೆ ಒಂದೊಂದೇ ಮರೆಯತೊಡಗಿತು. ಮೊದಲು ತಾಯಿಯ ದನಿ. ಆಮೇಲೆ ಬೀದಿಯ ಹೆಸರು. ಒಂದು ಬೆಳಿಗ್ಗೆ ಕೈಗೆ ಸಿಕ್ಕ ದುಂಡನೆಯ ವಸ್ತುವನ್ನು ಹಿಡಿದುಕೊಂಡು ಕೂತಳು. ತಣ್ಣಗಿತ್ತು. ನಡುವೆ ಹಿಡಿದುಕೊಳ್ಳಲು ಏನೋ ಇತ್ತು. ಇದು ಏನು? ಯಾಕೆ ನನ್ನ ಬಳಿ ಇಷ್ಟೊಂದಿವೆ? ಆದರೂ ಒರೆಸಿದಳು.

ಅಮಾವಾಸ್ಯೆಯ ಹಿಂದಿನ ದಿನ ಅವಳೇ ಕೂಗಿದಳು. “ತಮ್ಮಾ, ಇದ್ದೀಯಾ?”

“ಯಾರದು?” ಗಂಟೆಯವನ ದನಿ ಬಂತು.

“ನಾನು.”

“ನಾನು ಅಂದರೆ? ನನ್ನ ಪಕ್ಕ ಕೌದಿಯಜ್ಜಿ ಬಿಟ್ಟರೆ ಯಾರೂ ಇಲ್ಲವಲ್ಲ.”

ಅವಳು ಬಾಯಿ ತೆರೆದಳು. ತಾನು ಯಾರೆಂದು ಹೇಳಬೇಕಾದ ಆ ಒಂದು ಮಾತು ನಾಲಗೆಯ ತುದಿಯಲ್ಲೂ ಇರಲಿಲ್ಲ. ಅವಳಿಗೆ ಅಳು ಬಂತು. ಯಾವುದಕ್ಕೆ ಅಳುತ್ತಿದ್ದೇನೆಂದು ತಿಳಿಯದೆ ಅತ್ತಳು. ಮಂಜಿನಲ್ಲಿ ಕಣ್ಣೀರೂ ಮಂಜೂ ಒಂದೇ ಆಯಿತು.

ಅಮಾವಾಸ್ಯೆಯ ದಿನ ಮಧ್ಯಾಹ್ನ ಒಬ್ಬ ಹೆಂಗಸು ಅವಳ ಅಂಗಡಿಗೆ ಹಿಮ್ಮುಖವಾಗಿ ಬಂದಳು.

ಬೆನ್ನು ಮೊದಲು ಬಂತು. ಹಿಮ್ಮಡಿ ಹೊಸಿಲಿಗೆ ತಾಗಿತು. “ಅಯ್ಯೋ ಅಯ್ಯೋ!” ಎನ್ನುತ್ತ ಆ ಹೆಂಗಸು ದುಂಡನೆಯ ವಸ್ತುಗಳ ರಾಶಿಯ ಮೇಲೆ ಕೂತೇಬಿಟ್ಟಳು. ಠಣಠಣ ಸದ್ದಾಯಿತು. ಅವಳ ಎರಡು ಕೈಯಲ್ಲೂ ಒಂದು ಪಾತ್ರೆ ಭದ್ರವಾಗಿತ್ತು.

“ಯಾರು?” ಒಳಗಿದ್ದವಳು ಕೇಳಿದಳು.

“ನಾನು ಯಾರೋ ಒಬ್ಬಳು ಕಣವ್ವ, ಆಚೆಯವಳು. ಗಂಟೆ ತಗೊಳ್ಳೋಣ ಅಂತ ಬಂದೆ. ಆ ಗಂಟೆಯವನು ಅಂಗಡಿ ಇಟ್ಟಿದ್ದಾನೋ ಬಿರುಗಾಳಿ ಇಟ್ಟಿದ್ದಾನೋ! ಗಂಟೆ ಕಾಣುತ್ತೆ, ಹತ್ತಿರ ಹೋಗೋಕ್ಕಾಗಲ್ಲ. ಅವನು ಊದಿದ ರಭಸಕ್ಕೆ ಎದುರಿನವನ ಕಡೆ ಹೋದೆ, ಎದುರಿನವನು ಊದಿದ, ಇಲ್ಲಿಗೆ ಬಂದು ಬಿದ್ದೆ.” ಹೆಂಗಸು ಮಾತು ನಿಲ್ಲಿಸಿ ಕಿವಿಗೊಟ್ಟಳು. “ಅಲ್ಲ, ಇಲ್ಲಿ ಗಾಳಿಯೇ ಇಲ್ಲವಲ್ಲ!”

“ಇಲ್ಲ.”

“ಅಬ್ಬಾ!” ಎಂದಳು ಹೆಂಗಸು. ಕಾಲು ಚಾಚಿಕೊಂಡಳು. “ಅಬ್ಬಬ್ಬಾ! ಸ್ವಲ್ಪ ಕೂತುಕೊಳ್ಳಲಾ? ನೋಡು, ಪಾತ್ರೆಯಲ್ಲಿ ಸಾರಿದೆ, ಬಾಣಂತಿ ಮಗಳಿಗೆ. ಆ ಗಾಳಿಗೆ ಮೇಲಿದ್ದದ್ದು ಹಾರಿಹೋಯ್ತು. ಆರಿಹೋಗ್ತಾ ಇದೆ. ನಿನ್ನದು ಯಾವುದರ ಅಂಗಡಿ?”

ಒಳಗಿದ್ದವಳಿಗೆ ಹೇಳಲು ಗೊತ್ತಿರಲಿಲ್ಲ. ಮಂಜಿನಲ್ಲಿ ಕೈ ಚಾಚಿ ಪಾತ್ರೆಯ ಬಾಯಿ ಮುಟ್ಟಿದಳು. ಬಿಸಿಯಿತ್ತು. ಬೆರಳನ್ನು ಬಾಯಿಯ ಸುತ್ತ ಒಮ್ಮೆ ಆಡಿಸಿದಳು. ತಿರುಗಿ ಗೋಡೆಯ ಕಡೆ ಕೈ ನೀಡಿದಳು. ಒಂದನ್ನು ಮುಟ್ಟಿದಳು, ಅದಲ್ಲ. ಇನ್ನೊಂದನ್ನು ಮುಟ್ಟಿದಳು, ಅದೂ ಅಲ್ಲ. ಮೂರನೆಯದನ್ನು ತಂದು ಪಾತ್ರೆಯ ಮೇಲಿಟ್ಟಳು. ಅದು ಅತ್ತಿತ್ತ ಅಲ್ಲಾಡದೆ ಕೂತಿತು. ಆವಿ ಒಳಗೇ ನಿಂತಿತು.

“ಮುಚ್ಚಳ,” ಎಂದಳು ಅವಳು.

ಹೇಳಿದ ಮೇಲೆ ಇನ್ನೊಮ್ಮೆ ಹೇಳಿದಳು. “ಮುಚ್ಚಳ. ಮುಚ್ಚಳದ ಅಂಗಡಿ. ನಾನು ಮುಚ್ಚಳದವಳು.” ಅವಳ ತಾಯಿಯ ದನಿ, ಬೀದಿಯ ಹೆಸರು, ಗಂಟೆಯವನ ಕೀಟಲೆ, ಎಲ್ಲವೂ ನೀರು ನುಗ್ಗಿದ ಹಾಗೆ ವಾಪಸು ಬಂದವು.

“ಅಷ್ಟು ಖುಷಿಪಡೋಕೆ ಏನಿದೆ ಅದರಲ್ಲಿ?” ಎಂದು ಹೆಂಗಸು ನಕ್ಕಳು.

ಆಮೇಲೆ ಇನ್ನೊಂದು ಬೆನ್ನು ಬಂತು. ಛತ್ರಿ ತಿರುಗಿಹೋಗಿದ್ದ ಒಬ್ಬ ಮುದುಕನದು. ಆಮೇಲೆ ಒಬ್ಬರ ತೋಳು ಒಬ್ಬರು ಹಿಡಿದ ಗಂಡಹೆಂಡಿರದು. ಸುತ್ತಲಿನ ಗಾಳಿಗಳೆಲ್ಲ ತಳ್ಳಿ ತಳ್ಳಿ, ತರಗೆಲೆಗಳನ್ನು ಗೋಡೆಯ ಮೂಲೆಗೆ ಸೇರಿಸುವ ಹಾಗೆ, ಕೊಳ್ಳುವವರನ್ನು ಗಾಳಿಯಿಲ್ಲದ ಆ ಒಂದು ಜಾಗಕ್ಕೆ ತಂದು ಸೇರಿಸಿದವು. ಬಂದವರೆಲ್ಲ “ಅಬ್ಬಾ” ಎಂದರು. ಕೂತರು. ಕೂದಲು ಸರಿಮಾಡಿಕೊಂಡರು. ಕೆಲವರಿಗೆ ಮುಚ್ಚಳ ಬೇಕಿತ್ತು. ಹೆಚ್ಚಿನವರಿಗೆ ಬೇಕಿರಲಿಲ್ಲ. ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಸಂಜೆ ಚೀಲದವನು ಬಂದ. ಮಂಜಿನ ಮುಂದೆ ಒಂದು ಗಳಿಗೆ ನಿಂತ. ಒಳಗಿನಿಂದ ನಗು ಕೇಳಿ ಬೆಚ್ಚಿ ಒಳಬಂದ.

“ಯಾರಿಗೋ ಮಾರಿದ ಹಾಗಿದೆ.”

“ಮಾರಿದೆ ಅಣ್ಣ,” ಎಂದಳು ಮುಚ್ಚಳದಾಕೆ.

ಅವನು ಬಗ್ಗಿ ಸಾರಿನ ಹೆಂಗಸಿನ ಸೆರಗು ಮೂಸಿದ. “ಗಾಳಿ ಸೋಕಿದೆ. ನೀನು ಚಕ್ರ ತಗೊಳ್ಳದಿದ್ದರೂ ಹಿಡಿ ಕೊಡಬೇಕಾಗುತ್ತೆ, ಅಂಚೂ ಕೊಡಬೇಕಾಗುತ್ತೆ.”

“ಏಯ್, ದೂರ ನಿಂತು ಮಾತಾಡು!” ಹೆಂಗಸು ಸೆರಗು ಎಳೆದುಕೊಂಡಳು. “ಸೋಕಿದ್ದು ನಿಜ. ಕೆನ್ನೆಗೆ ಹೊಡೆದಂಗೆ ಸೋಕಿದೆ. ಆದರೆ ಅದು ನನ್ನನ್ನು ಇಲ್ಲಿಗೆ ಕರಕೊಂಡು ಬರಲಿಲ್ಲಪ್ಪ, ಅಲ್ಲಿಂದ ಓಡಿಸಿತು. ಓಡಿಸಿದ್ದಕ್ಕೂ ಕೊಡಬೇಕಾ?”

ಚೀಲದವನು ಯೋಚಿಸಿದ. ಅವನಿಗೆ ಹೇಳಿಕೊಟ್ಟದ್ದರಲ್ಲಿ ಇದು ಇರಲಿಲ್ಲ. “ಕೇಳಿಕೊಂಡು ಬರ್ತೀನಿ,” ಎಂದ. ಆದರೆ ಏಳಲಿಲ್ಲ. ಚೀಲ ಪಕ್ಕಕ್ಕಿಟ್ಟು ಕೂತ. ದಿನವಿಡೀ ಚಕ್ರಗಳ ನಡುವೆ ನಡೆದ ಅವನ ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು.

“ಬೇರೆಯವರ ಹತ್ತಿರ ಇವತ್ತು ಎಷ್ಟು ಸಿಕ್ಕಿತು ಅಣ್ಣ?” ಮುಚ್ಚಳದಾಕೆ ಕೇಳಿದಳು.

ಅವನು ಚೀಲವನ್ನು ತಲೆಕೆಳಗು ಮಾಡಿದ. ಒಂದು ಕೌದಿಯ ದಾರ ಬಿತ್ತು.

ಹೊರಗೆ ಗಂಟೆಯವನು ಕೂಗಿದ. “ಅಕ್ಕಾ! ಅಲ್ಲಿ ಏನು ಗದ್ದಲ? ಗಿರಾಕಿಗಳಾ? ಅಷ್ಟೂ ನಿನ್ನವರೇನಾ?”

“ನಾನು ಇಲ್ಲಿ ಇಲ್ಲ ಅಂದೆಯಲ್ಲೋ ನೆನ್ನೆ?”

“ನಾನಾ? ಛೆ ಛೆ! ಹಾಗೆಲ್ಲ ಅಂತೀನಾ?”

“ಆ ಚಕ್ರ ಒಂದು ಗಳಿಗೆ ನಿಲ್ಲಿಸು. ಗಂಟೆ ಬೇಕು ಅಂತ ಒಬ್ಬರು ಮಧ್ಯಾಹ್ನದಿಂದ ಕಾಯ್ತಾ ಇದ್ದಾರೆ.”

“ನಿಲ್ಲಿಸಿದರೆ ಮಂಜು ಬರುತ್ತಲ್ಲ!”

“ಬರಲಿ ಬಿಡೋ. ನನ್ನ ಮಂಜಿನಲ್ಲಿ ಒಂದು ಪಾಲು ನೀನು ಇಟ್ಟುಕೋ.”

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಸದ್ದು ತಗ್ಗಿತು. ತಗ್ಗಿ ನಿಂತಿತು. ಸಾರಿನ ಹೆಂಗಸು ಎದ್ದು, ಮುಚ್ಚಳದ ಹಿಡಿ ಹಿಡಿದು ಸಾರು ಇಣುಕಿ ನೋಡಿ, ಮುಂದೆ ನೋಡಿಕೊಂಡು ನೆಟ್ಟಗೆ ನಡೆದು ಗಂಟೆಯವನ ಅಂಗಡಿಗೆ ಹೋದಳು. ಹಾಗೆ ಮುಮ್ಮುಖವಾಗಿ ಒಬ್ಬ ಗಿರಾಕಿ ಅವನ ಹೊಸಿಲು ದಾಟಿ ಎಷ್ಟೋ ದಿನವಾಗಿತ್ತು. ಅದನ್ನು ಕೌದಿಯಜ್ಜಿ ನೋಡಿದಳು. ತನ್ನ ಚಕ್ರಕ್ಕೆ ಒಂದು ಕೌದಿ ಹೊದಿಸಿ ನಿಲ್ಲಿಸಿದಳು. ಎದುರು ಸಾಲಿನವರು ನೋಡಿದರು. ಒಬ್ಬರು ನಿಲ್ಲಿಸಿದರು. ಇನ್ನೊಬ್ಬರು ನಿಲ್ಲಿಸಿ, ಹೆದರಿ, ಮತ್ತೆ ತಿರುಗಿಸಿ, ಮತ್ತೆ ನಿಲ್ಲಿಸಿದರು. ಆ ತುದಿಯಲ್ಲಿ ಒಂದೆರಡು ಅಂಗಡಿಯವರು ಮಾತ್ರ ಕೊನೆಗೂ ನಿಲ್ಲಿಸಲಿಲ್ಲ. ಅವರಿಗೆ ಅದು ಇಷ್ಟವಿತ್ತು.

ಅಟ್ಟುವವರು ಕಡಿಮೆಯಾದ ಮೇಲೆ ಮಂಜಿಗೆ ಓಡುವ ಕೆಲಸ ತಪ್ಪಿತು. ಅದು ಒಂದೇ ಕಡೆ ಒತ್ತಿ ಕೂರಬೇಕಾಗಿರಲಿಲ್ಲ. ಬೀದಿಯ ಉದ್ದಕ್ಕೂ, ಖಾಲಿ ಜಾಗದಲ್ಲೂ, ಬಟ್ಟೆ ಹರಡಿದ ಹಾಗೆ ಮೆಲ್ಲಗೆ ಹರಡಿಕೊಂಡಿತು. ಹರಡಿದಷ್ಟೂ ತೆಳ್ಳಗಾಯಿತು. ಮುಚ್ಚಳದಾಕೆಗೆ ಮೊದಲು ಅವಳ ಮೊಣಕಾಲು ಕಂಡಿತು. ಆಮೇಲೆ ಗೋಡೆ. ಆಮೇಲೆ ಬಾಗಿಲು. ಬಾಗಿಲಾಚೆ ಎದುರು ಸಾಲಿನ ಅಂಗಡಿಗಳೆಲ್ಲ ಮಸುಕು ಮಸುಕಾಗಿ, ಆದರೆ ಎಲ್ಲವೂ, ಕಂಡವು. ಮಂಜು ಎಲ್ಲರ ಪಾದದ ಮೇಲೆ ಒಂದಿಷ್ಟು ನಿಂತಿತ್ತು.

“ಇಷ್ಟೇನಾ ಇದ್ದದ್ದು?” ಎಂದ ಗಂಟೆಯವನು ಬಾಗಿಲಿಗೆ ಬಂದು.

“ಇಷ್ಟೇ ಇದ್ದದ್ದು,” ಎಂದಳು ಕೌದಿಯಜ್ಜಿ. “ಸುಮ್ಮನೆ ಒಬ್ಬರ ಮೇಲೊಬ್ಬರು ಹೇರಿದೆವು.”

ಮರುದಿನ ಡಂಗುರದವನು ಬಂದ. ಈ ಸಲ ಮೆಲ್ಲಗೆ ಬಾರಿಸಿದ. ಚಕ್ರ ಬೇಕಾದವರಿಗೆ ಉಂಟು, ಬೇಡದವರಿಗೆ ಇಲ್ಲ. ಚಿಕ್ಕ ಬೀಸಣಿಗೆ ಮತ್ತೆ ಸಿಗುತ್ತದೆ. ಬೀಸಿ ಕರೆದವರಿಗೆ ಮಾರಿದ್ದಕ್ಕಷ್ಟೇ ತುಣುಕು, ಅದೂ ಒಂದೇ. ಒಡೆಯರ ಮನಸ್ಸು ಯಾಕೆ ಬದಲಾಯಿತೆಂದು ಗಂಟೆಯವನು ಕೇಳಿದ.

“ಗೊತ್ತಿಲ್ಲಪ್ಪ. ಬೀದಿಯ ಗಾಳಿಯೆಲ್ಲ ಸೇತುವೆಗೆ ನುಗ್ಗಿ, ಹೊಸ ಗಿರಾಕಿಗಳು ಆಚೆಯಿಂದ ಹತ್ತಲಾರದೆ ಹೋದರಂತೆ. ಒಡೆಯರ ಮನೆ ಹೆಂಚು ಎರಡು ಹಾರಿತಂತೆ. ನಾನು ಹೇಳಿದೆ ಅಂತ ಹೇಳಬೇಡಿ.”

ಚೀಲದವನು ಚಿಕ್ಕ ಬೀಸಣಿಗೆಗಳನ್ನು ತಂದು ಹಂಚಿದ. ಮುಚ್ಚಳದಾಕೆಯ ಬಾಗಿಲಿಗೂ ಬಂದ. ಅವಳು ಮುಚ್ಚಳ ಒರೆಸುತ್ತಿದ್ದಳು.

“ಬೇಕಾ ತಾಯಿ?”

“ಅಲ್ಲಿ ಇಟ್ಟಿರು ಅಣ್ಣ. ಸೆಕೆಯಾದರೆ ನೋಡ್ತೀನಿ.”

ಅವನು ನಕ್ಕು ಕಟ್ಟೆಯ ಮೇಲಿಟ್ಟು ಹೋದ. ಮಧ್ಯಾಹ್ನ ಯಾರೂ ಬರಲಿಲ್ಲ. ಅವಳು ಬೀದಿಯ ಕಡೆ ಕಣ್ಣಿಟ್ಟು ಕೂರಲಿಲ್ಲ. ಬುತ್ತಿ ಬಿಚ್ಚಿ, ಅಜ್ಜಿಯನ್ನು ಕರೆದು, ಇಬ್ಬರೂ ನಿಧಾನವಾಗಿ ಉಂಡರು. ಉಂಡು ಗೋಡೆಗೆ ಒರಗಿದಾಗ ಅವಳು ತನ್ನ ಬಲಗೈಯನ್ನು ನೋಡಿದಳು. ಎಷ್ಟೋ ವರ್ಷಗಳಿಂದ ಅದು ನಿದ್ದೆಯಲ್ಲೂ ತನ್ನಷ್ಟಕ್ಕೆ ಬೀಸುವ ಹಾಗೆ ಅತ್ತಿಂದಿತ್ತ ಆಡುತ್ತಿತ್ತು. ಈಗ ಅದು ಮಡಿಲಲ್ಲಿ, ಅಂಗೈ ಮೇಲಾಗಿ, ಸುಮ್ಮನೆ ಬಿದ್ದಿತ್ತು.

“ಏನು ನೋಡ್ತಿದ್ದೀಯೆ?” ಎಂದಳು ಅಜ್ಜಿ.

“ಮಲಗಿದೆ,” ಎಂದಳು ಮುಚ್ಚಳದಾಕೆ ಮೆಲ್ಲಗೆ. “ಎಬ್ಬಿಸಬೇಡಿ.”